ಮೇಷ್ಟ್ರ ಬೆತ್ತದ ಕುರ್ಚಿ

ಸೋತವರನ್ನು ಕಂಡರೆ ನನಗೆ ಮರುಕವಾಗುತ್ತದೆ. ಒಂದು ಕಾಲದಲ್ಲಿ ಗೆದ್ದು ಆಮೇಲೆ ಸೋತವರನ್ನು ಕಂಡರೆ ಮಾತ್ರ ಸುಸ್ತಾಗುತ್ತದೆ. ಸುಮ್ಮನೆ ಸೋತವರು ತಮ್ಮ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾರೆ. ಗೆದ್ದು ಸೋತವರು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದು ಕಾಫಿ ಕುಡಿಯುತ್ತಾರೆ.

ನಮ್ಮವರು ಹಲಸೂರಿನ ಕಡೆಯ ಒಂದು ಕಾಲೇಜಿನಲ್ಲಿ ಚರಿತ್ರೆಯ ಅಧ್ಯಾಪಕರು. ಅಲ್ಲಿನ ಫುಟ್‌ಬಾಲ್ ತಂಡವೂ ಅಷ್ಟು ಹೊತ್ತಿಗೆ ಚರಿತ್ರೆಗೇ ಸೇರಿದ್ದರಿಂದಲೋ ಏನೋ, ಅದರ ಉಸ್ತುವಾರಿಯನ್ನೂ ಅವರ ತಲೆಗೇ ಕಟ್ಟಿದ್ದರು. ಅರವತ್ತರ ದಶಕದ ಶುರುವಿನಲ್ಲಿ ಆ ತಂಡ ಮೈದಾನಕ್ಕಿಳಿದರೆ ಎದುರಾಳಿ ಹುಡುಗರು ಆಟಕ್ಕೆ ಮುಂಚೆಯೇ ದೇವರಿಗೆ ಕೈಮುಗಿಯುತ್ತಿದ್ದರಂತೆ. ಅದನ್ನು ಆಡಿಸಿದವರು ಮುನುಸ್ವಾಮಿ ಮೇಷ್ಟ್ರು. ಹಗಲು ಬಟ್ಟೆ ಗಿರಣಿಯಲ್ಲಿ ಕೆಲಸ, ಸಂಜೆ ಮೈದಾನದಲ್ಲಿ ಸೀಟಿ. ಮಂಡಿ ನೋವು ಹೆಚ್ಚಾಗಿ ಅವರು ಮನೆ ಸೇರಿದ ಮೇಲೆ ನಾಲ್ಕು ವರ್ಷಕ್ಕೆ ನಾಲ್ಕು ಜನ ಕೋಚ್‌ಗಳು ಬಂದರು, ಹೋದರು. ಮೇಷ್ಟ್ರ ಕುರ್ಚಿ ಮಾತ್ರ ಉಳಿಯಿತು.

ಆ ಕುರ್ಚಿಯ ವಿಷಯ ಹೇಳಲೇಬೇಕು. ಮೇಷ್ಟ್ರು ಮೈದಾನದ ಅಂಚಿನಲ್ಲಿ ಹಾಕಿಕೊಂಡು ಕೂರುತ್ತಿದ್ದ ಬೆತ್ತದ ಕುರ್ಚಿ ಅದು. ಎಡಗೈ ಊರುವ ಕಡೆ ಬೆತ್ತ ಸವೆದು ನುಣುಪಾಗಿತ್ತು, ಹಿಂಗಾಲೊಂದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿತ್ತು. ಮೇಷ್ಟ್ರ ಮೇಲಿನ ಗೌರವಕ್ಕಾಗಿ ಅದರಲ್ಲಿ ಬೇರೆ ಯಾರೂ ಕೂರಬಾರದೆಂದು ಕಮಿಟಿ ತೀರ್ಮಾನಿಸಿತ್ತು. ಕಮಿಟಿಯೆಂದರೆ ನಮ್ಮವರು ಮತ್ತು ಹಳೆಯ ಆಟಗಾರರು ನಾಲ್ವರು. ಮೈದಾನದಲ್ಲಿ ಸೂರಿಲ್ಲದ್ದರಿಂದ ಕುರ್ಚಿಯ ವಾಸ ನಮ್ಮ ಹಜಾರದಲ್ಲಿ. ಸಂಜೆ ಅದನ್ನು ಹೊತ್ತುಕೊಂಡು ಹೋಗಿ ಮೈದಾನದಂಚಿನಲ್ಲಿ ಖಾಲಿ ಇಡುವುದು, ಕತ್ತಲಾದ ಮೇಲೆ ವಾಪಸ್ಸು ತರುವುದು, ಬೆಳಿಗ್ಗೆ ನಾನು ಧೂಳು ಒರೆಸುವುದು. ನಮ್ಮ ದೇವರಿಗೂ ಇಷ್ಟು ಕ್ರಮವಾಗಿ ಉತ್ಸವವಾಗುತ್ತಿರಲಿಲ್ಲ.

ಕಾನ್ವೆಂಟಿನಲ್ಲಿ ನಾವು ಆಡಿದ್ದು ಥ್ರೋಬಾಲ್. ಅದನ್ನೂ ಸಿಸ್ಟರ್ "ಜೆಂಟ್ಲಿ, ಗರ್ಲ್ಸ್, ಜೆಂಟ್ಲಿ" ಎಂದು ಆಡಿಸಿದರು. ಹೀಗಾಗಿ ಫುಟ್‌ಬಾಲ್ ನನಗೆ ತಿಳಿಯದು. ಆದರೆ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತವರಿಗೆ ಒಳಗೆ ಕೂತವರಿಗಿಂತ ಹೆಚ್ಚು ಕಾಣುತ್ತದೆ. ಮೊದಲನೆಯ ಕೋಚ್ ಸೈನ್ಯದಿಂದ ಬಂದವರು. ಹುಡುಗರನ್ನು ಬೆಳಗಾಗೆದ್ದು ಕಗ್ಗದಾಸಪುರದವರೆಗೆ ಓಡಿಸಿದರು. ಪಂದ್ಯದ ದಿನ ಹುಡುಗರಿಗೆ ಕಾಲೇ ಇರಲಿಲ್ಲ. "ತುಂಬಾ ಬಿಗಿ" ಎಂದು ಕಮಿಟಿ ಅವರನ್ನು ಬಿಟ್ಟು ಒಬ್ಬ ಸಾಧು ಸ್ವಭಾವದವರನ್ನು ಹುಡುಕಿತು. ಹುಡುಗರು ಸಾಧುವಿನ ಹೆಗಲ ಮೇಲೆ ಕೈ ಹಾಕಿ "ಏನ್ ಗುರು" ಎಂದರು. ಸಾಧುವಿನ ನಂತರ ಬಂದದ್ದು ಸರ್ಟಿಫಿಕೇಟು ಇದ್ದವರು. ಅವರು ನನ್ನ ಹಜಾರದ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಚುಕ್ಕಿ ಹಾಕಿ ತೋರಿಸಿದರು. ಅಳಿಸಲು ಹೋದರೆ ಹೋಗಲಿಲ್ಲ. ಮರುದಿನ ಅದೇ ಚುಕ್ಕಿಗಳಿಗೆ ಗೆರೆ ಸೇರಿಸಿ ರಂಗೋಲಿ ಮಾಡಿದೆ. ತಂಡಕ್ಕಿಂತ ರಂಗೋಲಿ ಚೆನ್ನಾಗಿ ಕೂಡಿತು. ನಾಲ್ಕನೆಯವರು ತಾವಾಗಿಯೇ ಹೊರಟರು. ಹೋಗುವಾಗ ನನಗೆ ಮಾತ್ರ ಕೇಳುವಂತೆ, "ಆ ಖಾಲಿ ಕುರ್ಚಿ ನನ್ನನ್ನೇ ನೋಡುತ್ತೆ ಮೇಡಂ" ಎಂದರು.

ಇಷ್ಟಾದ ಮೇಲೆ ಪ್ರಿನ್ಸಿಪಾಲರು ನಮ್ಮವರನ್ನು ಕರೆಸಿ, ಈ ಸಲವೂ ಮೊದಲ ಸುತ್ತಿನಲ್ಲೇ ಸೋತರೆ ತಂಡವನ್ನು ಮುಚ್ಚಿ ಮೈದಾನದಲ್ಲಿ ಹಾಸ್ಟೆಲ್ ಕಟ್ಟಿಸುವುದಾಗಿ ಹೇಳಿಬಿಟ್ಟರು. ಆ ದಿನ ನಮ್ಮವರು ಕಾಲುಚೀಲ ಬಿಚ್ಚದೆಯೇ ಊಟಕ್ಕೆ ಕೂತರು, ಉಪ್ಪಿನಕಾಯಿ ಕೇಳಲಿಲ್ಲ. ಅಷ್ಟು ದುಃಖ ನಮ್ಮ ಮದುವೆಯಾದಂದಿನಿಂದ ನಾನು ಕಂಡಿರಲಿಲ್ಲ.

ಐದನೆಯವರು ಶಿವಾಜಿನಗರದ ಖಾದರ್. ಭಾನುವಾರ ಹಜಾರಕ್ಕೆ ಬಂದರು, ಸುತ್ತ ನೋಡಿದರು, ಖಾಲಿ ಇದ್ದದ್ದು ಒಂದೇ ಕುರ್ಚಿ, ಹೋಗಿ ಕೂತುಬಿಟ್ಟರು. ಬೆತ್ತ ಕಿರ್ರೆಂದಿತು. ಹಳೆಯ ಗೋಲ್‌ಕೀಪರ್ ಗೋವಿಂದರಾಜು ಲೋಟ ಕೆಳಗಿಟ್ಟರು.

"ರೀ, ಎದ್ದೇಳ್ರೀ! ಅದು ಮೇಷ್ಟ್ರು ಕುರ್ಚಿ!"

"ಹಂಗಾ? ಮೇಷ್ಟ್ರು ಬಂದಾಗ ಏಳ್ತೀನಿ ಸಾಬ್. ಈಗ ಆಟದ ಮಾತ್ ಆಡಿ."

ಕಮಿಟಿ ಕುರ್ಚಿಯ ಮಾತನ್ನೇ ಆಡಿತು. ಖಾದರ್ ಕಾಫಿ ಮುಗಿಸಿ ಸಲಾಮು ಹೊಡೆದು ಹೋದರು. ಕಮಿಟಿ "ಗೌರವ ಗೊತ್ತಿಲ್ಲದ ಮನುಷ್ಯ" ಎಂದಿತು. ನಾನು ನಮ್ಮವರಿಗೆ, "ಆ ಕುರ್ಚಿ ಮೇಷ್ಟ್ರಿಗೇ ಕೊಟ್ಬಿಡ್ರೀ. ನಾಲ್ಕು ವರ್ಷ ಧೂಳು ಒರೆಸಿದ್ದೀನಿ, ಹೇಳೋ ಹಕ್ಕಿದೆ" ಎಂದೆ. ಮರುದಿನ ಸಂಜೆ ಜಟಕಾದಲ್ಲಿ ಕುರ್ಚಿಯನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡು ಹಲಸೂರು ಕೆರೆಯಾಚೆ ಅವರ ಮನೆಗೆ ಹೋದೆವು. ಜೊತೆಗೆ ಸೈಕಲ್ಲಿನಲ್ಲಿ ಗೋವಿಂದರಾಜು.

ಮೇಷ್ಟ್ರು ಕುರ್ಚಿಯನ್ನು ನೋಡಿ ಹಣೆ ಚಚ್ಚಿಕೊಂಡರು.

"ಅಯ್ಯಯ್ಯೋ, ಈ ಶನಿ ಇನ್ನೂ ಇದೆಯಾ ಸಾರ್? ಕಪ್ ಗೆದ್ದ ವರ್ಷಗಳಲ್ಲಿ ನಾನು ಎಲ್ಲಿ ಕೂತಿದ್ದೆ? ಹುಡುಗರ ಜೊತೆ ಓಡ್ತಿದ್ದೆ. ಮಂಡಿ ಹೋದ್ಮೇಲೆ ಕೊನೇ ಎರಡು ವರ್ಷ ಕೂತೆ. ಆ ಎರಡು ವರ್ಷಾನೂ ಸೋತ್ವಿ. ಏ ಗೋವಿಂದ, ನಿನಗೆ ನೆನಪಿಲ್ವೇನೋ? ಮೂರು ಗೋಲು ಬಿಟ್ಟವನು ನೀನೇ ಅಲ್ವಾ!"

ಗೋವಿಂದರಾಜು ಸೈಕಲ್ಲಿನ ಬೆಲ್ಲನ್ನು ಪರೀಕ್ಷಿಸುತ್ತಾ ನಿಂತರು. ಕುರ್ಚಿ ಅದೇ ಜಟಕಾದಲ್ಲಿ ನಮ್ಮ ಜೊತೆ ವಾಪಸ್ಸು ಬಂತು.

ಕಮಿಟಿ ಖಾದರ್ ಅವರನ್ನೇ ಮತ್ತೆ ಕರೆಸಿತು. ಅವರು ಒಂದೇ ಷರತ್ತು ಹಾಕಿದರು: ಅಭ್ಯಾಸದ ಹೊತ್ತಿನಲ್ಲಿ ಕುರ್ಚಿಯೂ ಬೇಡ, ಕಮಿಟಿಯೂ ಬೇಡ. ಮೊದಲ ಸುತ್ತಿನಲ್ಲಿ ಎರಡೂ ಕಡೆ ಒಂದೂ ಗೋಲಾಗದೆ, ಕೊನೆಗೆ ನಾಣ್ಯ ಚಿಮ್ಮಿ ನಮ್ಮ ಹುಡುಗರು ಗೆದ್ದರು. ಪ್ರಿನ್ಸಿಪಾಲರು ಹಾಸ್ಟೆಲನ್ನು ಒಂದು ವರ್ಷ ಮುಂದೂಡಿದರು. ಆ ರಾತ್ರಿ ನಮ್ಮವರು ಎರಡು ಸಲ ಉಪ್ಪಿನಕಾಯಿ ಹಾಕಿಸಿಕೊಂಡರು.

ಕುರ್ಚಿಯ ವಿಷಯದಲ್ಲಿ ನಾನು ತೋರಿದ ಬುದ್ಧಿವಂತಿಕೆಯ ಬಿಸಿ ಆರುವ ಮುಂಚೆಯೇ ನಮ್ಮ ಮನೆಗೆಲಸದ ಮುನಿಯಮ್ಮ ಪೊರಕೆಯನ್ನು ಮೂಲೆಗೆ ಒರಗಿಸಿ ಸೆರಗು ಬಿಗಿದಳು. "ನಾಳೆಯಿಂದ ಬರಲ್ಲ ಕಣಮ್ಮಾ. ಪಾತ್ರೆ ಮುಟ್ಟಿದ್ರೆ 'ಕನಕಮ್ಮ ಹಂಗ್ ಉಜ್ತಿರ್ಲಿಲ್ಲ', ಪೊರಕೆ ಹಿಡಿದ್ರೆ 'ಕನಕಮ್ಮ ಹಿಂಗ್ ಗುಡಿಸ್ತಿದ್ಲು' ಅಂತೀರಿ. ಆ ಕನಕಮ್ಮನ್ನೇ ಕರ್ಕೊಳ್ಳಿ!"

ಕನಕಮ್ಮ ಕೆಲಸ ಬಿಟ್ಟು ಮಗಳ ಮನೆಗೆ ಹೋಗಿ ಎರಡು ವರ್ಷವಾಗಿತ್ತು. ಎಣಿಸಿ ನೋಡಿದೆ; ಅವಳ ನಂತರ ಬಂದವರಲ್ಲಿ ಮುನಿಯಮ್ಮ ನಾಲ್ಕನೆಯವಳು.

ಈಗ ಐದನೆಯವಳು ಬಂದಿದ್ದಾಳೆ, ಲಕ್ಷ್ಮಿ. ಅವಳ ಮುಂದೆ ಕನಕಮ್ಮನ ಹೆಸರೆತ್ತುವುದಿಲ್ಲವೆಂದು ಶಪಥ ಮಾಡಿ, ಬೆತ್ತದ ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಹಾಕಿಕೊಂಡು, ತುಟಿ ಕಚ್ಚಿಕೊಂಡು ಕೂತೆ. ಅವಳು ಮೂಲೆಯಿಂದ ಗುಡಿಸುತ್ತಾ ಬಂದು, ನನ್ನ ಕಾಲ ಹತ್ತಿರ ಪೊರಕೆ ನಿಲ್ಲಿಸಿ ಬಲು ವಿನಯದಿಂದ ಹೇಳಿದಳು:

"ಅಮ್ಮಾವ್ರೇ, ನೀವು ಆ ಕುರ್ಚಿಯಿಂದ ಎದ್ದು ಹೊರಗೆ ಹೋದ್ರೆ, ನನ್ನ ಕೆಲಸ ಆಗುತ್ತೆ."