ಮಂಜಿನಲ್ಲಿ ಊರು ತೋರಿಸಿದ ಮಾವ

ನಮ್ಮ ಸೋದರಮಾವನಿಗೆ ಹುಚ್ಚು ಎಂದು ತುಮಕೂರಿನಲ್ಲಿ ಯಾರಾದರೂ ಹೇಳಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಅವರಿಗೆ ಹುಚ್ಚು ಹಿಡಿಯುತ್ತಿದ್ದುದು ಮಂಜು ಬಿದ್ದ ದಿನ ಮಾತ್ರ! ಮಿಕ್ಕ ದಿನಗಳಲ್ಲಿ ಚಿಕ್ಕಪೇಟೆಯ ತಮ್ಮ ಪಾತ್ರೆ ಅಂಗಡಿಯಲ್ಲಿ ಕೂತು ಒಂದು ಸ್ಟೀಲ್ ಲೋಟಕ್ಕಾಗಿ ಗಿರಾಕಿಯ ಪ್ರಾಣ ತಿನ್ನುವ ಸಾಧಾರಣ ಮನುಷ್ಯರೇ. ಚಳಿಗಾಲದಲ್ಲಿ ಊರಿಗೆ ಮಂಜು ಇಳಿಯಿತೋ, ತಲೆಗೆ ಮಫ್ಲರ್ ಸುತ್ತಿ, ಮನೆಯಲ್ಲಿದ್ದ ನೆಂಟರನ್ನೆಲ್ಲ ಎಬ್ಬಿಸಿ, ಊರು ತೋರಿಸಲು ಹೊರಡಿಸಿಬಿಡುತ್ತಿದ್ದರು.

ಮಂಜಿನಲ್ಲಿ ಏನು ಕಾಣುತ್ತದೆ ಅಂತೀರಾ? ಮಾವನನ್ನು ಹಾಗೆ ಕೇಳುವಂತಿರಲಿಲ್ಲ. “ಬಿಸಿಲಲ್ಲಿ ಊರನ್ನ ದನಗಳೂ ನೋಡ್ತವೆ ಕಣ್ರೀ!” ಎನ್ನುತ್ತಿದ್ದರು.

ಗುಬ್ಬಿಯ ಬೀಗರೊಬ್ಬರನ್ನು ಅಮಾನಿಕೆರೆಗೆ ಕರೆದೊಯ್ದಿದ್ದರು. ಪಾಪ, ಅವರು “ಎಲ್ರೀ ಕೆರೆ?” ಎಂದು ಕೇಳಿದರು. “ಇನ್ನೊಂದು ಹೆಜ್ಜೆ ಮುಂದಕ್ಕಿಡಿ, ಗೊತ್ತಾಯ್ತದೆ” ಎಂದರು ಮಾವ. ಬೀಗರು ಇಟ್ಟರು. ಮೊಣಕಾಲಿನವರೆಗೆ ಮೆತ್ತಿದ್ದ ಕೆಸರನ್ನು ಅವರ ಪಂಚೆಯಿಂದ ತೆಗೆಯಲು ಅತ್ತೆ ಎರಡು ಸೋಪು ಸವೆಸಿದರು.

ಇನ್ನೊಮ್ಮೆ ಹಳೇ ಕೋಟೆಯ ಗೋಡೆ ಎಂದು ಒಂದು ಗೋಡೆಯ ಮುಂದೆ ನಿಂತು ರಾಜರ ಕಾಲದ ಕಥೆಯನ್ನೆಲ್ಲ ಹೇಳಿದರು. ಮಂಜು ಕರಗಿತು. ನೋಡಿದರೆ ಅದು ಸೌದೆ ಡಿಪೋದ ಕಾಂಪೌಂಡು! ಮಾವ ಸೋಲುವರೇ? “ಕೋಟೆ ಬಿದ್ಮೇಲೆ ಕಲ್ಲೆಲ್ಲ ಎಲ್ಗೋದ್ವು ಅಂದ್ಕೊಂಡ್ರಿ? ಇಲ್ಗೇ ಬಂದವೆ!”

ಇಂಥ ಮಾವನ ಮನೆಯಲ್ಲಿದ್ದುಕೊಂಡು ನಾನು ಬಿ.ಎಸ್ಸಿ. ಓದುತ್ತಿದ್ದೆ. ತೊಂಬತ್ತರ ದಶಕ. ಹೆಬ್ಬೂರಿನಲ್ಲಿದ್ದ ಅಪ್ಪ ಅಮ್ಮ ಕುಣಿಗಲ್ಲಿನ ಒಂದು ಸಂಬಂಧ ಒಪ್ಪಿಕೊಂಡುಬಿಟ್ಟಿದ್ದರು. ಹುಡುಗ, ಅವನ ತಂದೆ ನನ್ನನ್ನು ನೋಡಲು ಹಿಂದಿನ ಸಂಜೆಯೇ ಮಾವನ ಮನೆಗೆ ಬಂದು ಉಳಿದಿದ್ದರು. ಅಪ್ಪ ಅಮ್ಮನೂ ಊರಿಂದ ಬಂದಿದ್ದರು. ಮದುವೆಯಾದರೆ ಕಾಲೇಜು ಬಂದ್ ಎಂದು ಮೊದಲೇ ಮಾತಾಗಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ. ಬೆಳಗ್ಗೆ ಎದ್ದರೆ ಕಣ್ಣಿಗೆ ಕೈ ಕಾಣದಷ್ಟು ಮಂಜು!

“ಲೋ, ಇವತ್ತೊಂದಿನ ಸುಮ್ನಿರೋ” ಎಂದು ಅಮ್ಮ ಅಂಗಲಾಚಿದರು.

“ಮಂಜು ನನ್ನ ಕೇಳ್ಕೊಂಡು ಬೀಳ್ತದೇನಕ್ಕಾ?” ಎಂದವರೇ ಮಾವ ಗಂಡಿನವರನ್ನು ಹೊರಡಿಸಿದರು. ಬಾಗಿಲಲ್ಲಿ ತಿರುಗಿ, “ಬಾರೇ, ನೀನೂ ಬಾ” ಎಂದು ನನ್ನನ್ನೂ ಎಳೆದುಕೊಂಡರು.

ಕೋಟೆ ಆಂಜನೇಯನ ಗುಡಿ ದಾಟಿ, ಒಂದು ಹೋಟೆಲಿನಲ್ಲಿ ಅವರಿಬ್ಬರನ್ನು ತಟ್ಟೆ ಇಡ್ಲಿಯ ಮುಂದೆ ಕೂರಿಸಿ, ಮಾವ ಹೊರಗೆ ನನ್ನ ಹತ್ತಿರ ಬಂದರು.

“ಹುಡ್ಗ ಹೆಂಗವ್ನೆ?”

“ಚೆನ್ನಾಗವ್ರೆ ಮಾವ. ಆದ್ರೆ ನಾನು ಓದ್ಬೇಕು.” ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.

“ಈ ಮಂಜಲ್ಲಿ ಅಳೋದು ದಂಡ ಕಣೇ, ಯಾರಿಗೂ ಕಾಣಲ್ಲ” ಎಂದು ಒಳಗೆ ಹೋದರು. ಅವರ ದನಿ ಬೀದಿಗೇ ಕೇಳುತ್ತಿತ್ತು. “ಯಜಮಾನ್ರೇ, ಆಮೇಲೆ ಹೇಳ್ಲಿಲ್ಲ ಅನ್ಬೇಡಿ. ನಮ್ಮುಡುಗೀಗೂ ನಂದೇ ಕಾಯಿಲೆ. ನಮ್ಮ ವಂಶದಲ್ಲೇ ಐತೆ. ಮಂಜು ಬಿದ್ರೆ ಒಲೆ ಮೇಲೆ ಹಾಲಿದ್ರೂ ಬುಟ್ಟು ಹೊಂಟೋಯ್ತಾಳೆ!”

ಕಾಫಿಗೂ ಕಾಯದೆ ಅಪ್ಪ ಮಗ ಸಿಕ್ಕಿದ ಮೊದಲ ಕುಣಿಗಲ್ ಬಸ್ಸು ಹತ್ತಿದರು.

ಮನೆಯಲ್ಲಿ ರಾಮಾಯಣ! ಅಪ್ಪ ಮಾವನ ಜೊತೆ ಮಾತು ಬಿಟ್ಟರು. “ನಿನ್ ಹುಚ್ಚಿಂದ ನನ್ ಮಗಳ ಬಾಳು ಹಾಳಾಯ್ತಲ್ಲೋ” ಎಂದು ಅಮ್ಮ ಗೋಳಾಡಿದರು. ಬೇಡ ಎಂದವಳು ನಾನು ಎಂದು ಹೇಳಲು ಬಾಯಿ ತೆರೆದೆ. ಮಾವ ನನ್ನನ್ನು ಕಣ್ಣಲ್ಲೇ ಗದರಿಸಿ, “ಹೌದಕ್ಕಾ, ಹುಚ್ಚೇ. ಏನಿವಾಗ?” ಎಂದು ಎದೆ ಸೆಟೆಸಿ ನಿಂತರು.

ನಾನು ಎಂ.ಎಸ್ಸಿ.ಯನ್ನೂ ಮುಗಿಸಿದೆ. ಗುಬ್ಬಿಯ ಕಾಲೇಜಿನಲ್ಲಿ ಕೆಲಸ ಸಿಕ್ಕ ದಿನ ಮಾವನಿಗೆ ಹೇಳಲು ಬಂದವಳು, ಅವರ ಜೊತೆ ಬೀದಿಯಲ್ಲಿ ನಡೆಯುತ್ತಾ ಕೇಳಿದೆ. “ನಾನೇ ಬೇಡ ಅಂದೆ ಅಂತ ಹೇಳ್ಬೋದಿತ್ತಲ್ಲ ಮಾವ? ಇಷ್ಟು ವರ್ಷ ಯಾಕೆ ಬೈಸ್ಕೊಂಡ್ರಿ?”

“ನೀನು ಬೇಡ ಅಂದಿದ್ರೆ ಮುಂದಿನ ವಾರ ಇನ್ನೊಬ್ಬನ್ನ ಕರ್ಕೊಂಡ್ ಬರೋರು. ಹುಚ್ಚನ ಮನೆ ಹುಡ್ಗಿ ಅಂದ್ಮೇಲೆ ಯಾರ್ ಬಂದ್ರು ಹೇಳು? ನೀನು ನೆಮ್ಮದಿಯಾಗಿ ಓದ್ಕೊಂಡೆ.”

ನಡುಬೀದಿಯಲ್ಲೇ ಬಗ್ಗಿ ಅವರ ಕಾಲು ಮುಟ್ಟಿದೆ.