ಭೂಗೋಳ ಬೇಕಾಗಿದ್ದವನು ಗಣಿತ ಕೇಳಿದ್ದು

ಬೇಕಾದದ್ದನ್ನು ಬೇಕು ಎಂದು ನೇರವಾಗಿ ಹೇಳಿದ್ದರೆ ಮುಕ್ಕಾಲಿಯ ಗೋಳು ಬೆಳಗಿನ ತಿಂಡಿಯ ಹೊತ್ತಿಗೇ ಮುಗಿದುಹೋಗುತ್ತಿತ್ತು. ಆದರೆ ಆ ಮನೆಯಲ್ಲಿ ಹಾಗೆ ಹೇಳುವ ರೂಢಿಯೇ ಇರಲಿಲ್ಲ.

ಮುಕ್ಕಾಲಿ ಎಂದರೆ ಹಳೇ ಮೇಜು ಕುರ್ಚಿ ಮಾರುವ ಯಜಮಾನನ ಒಬ್ಬನೇ ಮಗ. ನಡೆಯಲು ಕಲಿಯುವಾಗ ಮೂರು ಕಾಲಿನ ಸ್ಟೂಲೊಂದನ್ನು ತಳ್ಳಿಕೊಂಡು ಅಂಗಡಿಯೆಲ್ಲ ಸುತ್ತಿದವನು. ಬೀದಿಯವರು ಅಂದು ಇಟ್ಟ ಹೆಸರು ಮೀಸೆ ಬಂದ ಮೇಲೂ ಬಿಟ್ಟಿರಲಿಲ್ಲ. ಅಂಗಡಿಯ ಬೆನ್ನಿಗೇ ಮನೆ. ಮುಂದಿರುವುದು ಮಾರುವ ಸಾಮಾನು, ಹಿಂದಿರುವುದು ಬಾಳುವ ಸಾಮಾನು ಎಂಬ ಭೇದ ಯಜಮಾನನಿಗಿರಲಿಲ್ಲ. ಊಟಕ್ಕೆ ಕೂತ ಮೇಜು ಕೈ ತೊಳೆದು ಬರುವಷ್ಟರಲ್ಲಿ ಮಾರಿಹೋಗಿರುತ್ತಿತ್ತು. ಜ್ವರ ಬಂದು ಮಲಗಿದ್ದ ಮುಕ್ಕಾಲಿಯನ್ನು ಒಮ್ಮೆ ಚಾಪೆಗೆ ಉರುಳಿಸಿ ಮಂಚವನ್ನು ಗಿರಾಕಿಯ ಗಾಡಿಗೆ ಏರಿಸಿದ್ದರು.

ಇಂಥ ಮನೆಯಲ್ಲಿ ಮಾತೂ ಅಂಗಡಿಯ ಮಾತೇ. ಕುರ್ಚಿ ಬೇಕಾದವನು ಸೋಫಾ ಕೇಳಬೇಕು. ಮಗನಿಗೆ ಚಪ್ಪಲಿ ಬೇಕಾದಾಗ ಸೈಕಲ್ಲು ಕೇಳುತ್ತಿದ್ದ. ತಾಯಿಗೆ ಒಂದು ದಿನ ತವರಿಗೆ ಹೋಗಬೇಕಾದಾಗ ಒಂದು ತಿಂಗಳು ಎನ್ನುತ್ತಿದ್ದಳು. ಕೇಳಿ, ಮುಖ ಗಂಟಿಕ್ಕಿ, ಎದ್ದು ಹೋದಂತೆ ಮಾಡಿ, ಬಾಗಿಲಿನಿಂದ ತಿರುಗಿ ಬಂದು, ಕೊನೆಗೆ ಬೇಕಾದದ್ದು ಸಿಕ್ಕಾಗ ಕೊಟ್ಟವನೂ ಪಡೆದವನೂ ತಾನೇ ಗೆದ್ದೆ ಎಂದು ಬೀಗುವುದು. ಸಂಸಾರ ಎಂದರೆ ಇದೇ ಎಂದು ಮೂವರೂ ತಿಳಿದಿದ್ದರು.

ಮುಕ್ಕಾಲಿಗೆ ಬೇಕಾಗಿದ್ದದ್ದು ಭೂಗೋಳ. ಬಸ್ ನಿಲ್ದಾಣಕ್ಕೆ ಹೋಗಿ ಬರಲು ದಾರಿ ತಪ್ಪುವ ಹುಡುಗ, ಯಾವ ನದಿ ಯಾವ ಸಮುದ್ರಕ್ಕೆ ಬೀಳುತ್ತದೆ ಎಂದು ನಿದ್ದೆಗಣ್ಣಲ್ಲೂ ಹೇಳುತ್ತಿದ್ದ. ಭೂಪಟ ಕಂಡರೆ ಹಸಿದವನು ಎಲೆ ಕಂಡಂತೆ. ಕಾಲೇಜಿನಲ್ಲಿ ವಿಷಯ ಆರಿಸಿಕೊಳ್ಳಲು ಅಂದೇ ಕೊನೆಯ ದಿನ, ಸಂಜೆ ಕಿಟಕಿ ಮುಚ್ಚುವುದರೊಳಗೆ ಹೇಳಿಬಿಡಬೇಕು. ಭೂಗೋಳ ಎಂದು ನೇರ ಕೇಳಿದರೆ ಅಪ್ಪ ಏನೆನ್ನುತ್ತಾನೆ ಎಂಬುದು ಅವನಿಗೆ ಬಾಯಿಪಾಠವಿತ್ತು. ಬೆಟ್ಟ ಎಲ್ಲಿದೆ ಅಂತ ಓದೋದೇನು ಬಂತು, ಅದೇನು ಎದ್ದು ಹೋಗುತ್ತಾ, ಎಂದು ಶುರುವಾದ ಚೌಕಾಸಿ ಇಳಿಯುತ್ತ ಇಳಿಯುತ್ತ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಬಂದು ನಿಲ್ಲುತ್ತಿತ್ತು. ಆದ್ದರಿಂದ ಮೇಲಿನಿಂದ ಶುರುಮಾಡಬೇಕು. ಅಪ್ಪ ಕೇಳಿದೊಡನೆ ಹೌಹಾರಬೇಕು, ಅದೊಂದು ಬಿಟ್ಟು ಬೇರೆ ಏನಾದರೂ ಓದಪ್ಪ ಎಂದು ಕಾಲಿಗೆ ಬೀಳಬೇಕು, ಅಂಥದ್ದನ್ನು ಕೇಳಬೇಕು.

ಅಂಥದ್ದು ಒಂದೇ ಇತ್ತು. ಗಣಿತ.

ಗಣಿತ ಎಂದರೆ ಆ ಮನೆಯವರ ಕಣ್ಣಿಗೆ ಕಟ್ಟುತ್ತಿದ್ದವನು ತಾಯಿಯ ಅಣ್ಣ. ಕಾಲೇಜಿನಲ್ಲಿ ಗಣಿತ ಓದಿ ಬಂದಾಗಿನಿಂದ, ಊಟ ಆಯ್ತಾ ಎಂದರೆ ಊಟ ಅಂದರೆ ಯಾವುದು ಎಂದು ಮೊದಲು ತೀರ್ಮಾನವಾಗಲಿ ಎನ್ನುವವನು. ಒಮ್ಮೆ ಯಜಮಾನ ಅವನನ್ನು ಅಂಗಡಿಯಲ್ಲಿ ಕೂರಿಸಿ ಹೊರಗೆ ಹೋಗಿದ್ದ. ಮೂರು ಕಾಲಿನದ್ದು ಎಂಥ ನೆಲದಲ್ಲೂ ಅಲ್ಲಾಡುವುದಿಲ್ಲ, ನಾಲ್ಕು ಕಾಲಿನದ್ದನ್ನು ನಂಬಬೇಡಿ ಎಂದು ಪುಣ್ಯಾತ್ಮ ಬಂದ ಗಿರಾಕಿಗಳಿಗೆಲ್ಲ ಪಾಠ ಹೇಳಿ, ಊಟದ ಮೇಜು ಕೊಳ್ಳಲು ಬಂದವರನ್ನು ಕೈ ಮುಗಿದು ಕಳಿಸಿದ್ದ. ಅಂದಿನಿಂದ ಯಜಮಾನನಿಗೆ ಗೆದ್ದಲು ಎಂದರೆ ಎಷ್ಟು ಹೆದರಿಕೆಯೋ ಗಣಿತ ಎಂದರೂ ಅಷ್ಟೇ.

ತಿಂಡಿಯ ತಟ್ಟೆಯ ಮುಂದೆ ಮುಕ್ಕಾಲಿ ಗಂಟಲು ಸರಿಮಾಡಿಕೊಂಡ.

"ಅಪ್ಪಾ, ನಾನು ಕಾಲೇಜಲ್ಲಿ ಗಣಿತ ತಗೋತೀನಿ."

ಯಜಮಾನ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದ. ನೀರು ಕುಡಿದ.

"ತಗೋ," ಎಂದ.

ವ್ಯಾಪಾರಿಯ ಮಗನಿಗೆ ಇದಕ್ಕಿಂತ ಕೆಟ್ಟ ಮಾತಿಲ್ಲ. ಹೇಳಿದ ಬೆಲೆಗೆ ಗಿರಾಕಿ ಹೂಂ ಎಂದುಬಿಟ್ಟರೆ ಸಾಮಾನನ್ನು ಒಪ್ಪಿಸದೆ ಗತಿಯಿಲ್ಲ. ಮುಕ್ಕಾಲಿ ಬಾಯಿ ತೆರೆದುಕೊಂಡೇ ಕೂತ. ಒಳಗೆ ಹೋಗಬೇಕಾದ ತುತ್ತು ಕೈಯಲ್ಲೇ ಉಳಿಯಿತು.

ಅಂಗಡಿಯ ಬೀರುಗಳ ಸಂದಿಯಲ್ಲಿ ತಾಯಿ ಗಂಡನನ್ನು ಹಿಡಿದು, ಯಾಕೆ ಒಪ್ಪಿದಿರಿ ಎಂದು ಕೇಳಿದಳು. ಯಜಮಾನ ಮೀಸೆಯಡಿಯಲ್ಲಿ ನಕ್ಕ.

"ಬೀರು ಕೇಳ್ತಿದ್ದಾನೆ ಅಂದ್ರೆ ಅವನಿಗೆ ಬೇಕಾಗಿರೋದು ಸ್ಟೂಲು. ನಾನೇನು ನಿನ್ನೆ ಅಂಗಡಿ ಇಟ್ಟವನಾ? ಸಂಜೆ ಒಳಗೆ ಅವನೇ ಇಳೀತಾನೆ, ನೋಡ್ತಿರು."

ಯಾವ ಸ್ಟೂಲು ಎಂದು ಅವನನ್ನೇ ಕೇಳಬಾರದೇ ಎಂದಳು ತಾಯಿ. ಮೊದಲು ಬಾಯಿ ಬಿಟ್ಟವನು ಸೋತ ಹಾಗೆ ಎಂದ ಯಜಮಾನ. ಭೂಗೋಳ ಎಂಬುದು ತಾಯಿಗೆ ಗೊತ್ತೇ ಇತ್ತು. ಆದರೆ ತನ್ನನ್ನು ಯಾರೂ ಕೇಳಿರಲಿಲ್ಲ. ಕೇಳದವರಿಗೆ ಪುಕ್ಕಟೆ ಕೊಡುವ ಅಭ್ಯಾಸ ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಆಕೆ ಬಿಟ್ಟಿದ್ದಳು.

ಮಗ ಬೇಗ ಇಳಿಯಲಿ ಎಂದು ಯಜಮಾನ ತಿರುಪು ಬಿಗಿದ. ಅಂಗಡಿಯ ಮುಂಭಾಗದಲ್ಲಿ ಒಂದು ತೇಗದ ಮೇಜಿತ್ತು, ಆನೆ ಮರಿಯಷ್ಟು. ಎಂಥ ಗಿರಾಕಿ ಬಂದರೂ ಕೊಡದೆ ಇಟ್ಟುಕೊಂಡಿದ್ದ ಸಾಮಾನು. ಹಮಾಲರನ್ನು ಕರೆಸಿ, ಮಗನಿಗೆ ಗಣಿತ ಓದಲು ಬೇಕು, ಇದನ್ನು ಒಳಗೆ ಸಾಗಿಸಿ ಎಂದ. ಮೇಜು ನಡುಬಾಗಿಲಿಗೆ ಬಂದು ಸಿಕ್ಕಿಕೊಂಡಿತು. ಒಳಕ್ಕೆ ನೂಕಿದರೆ ಒಳಕ್ಕಿಲ್ಲ, ಹೊರಕ್ಕೆ ಎಳೆದರೆ ಹೊರಕ್ಕಿಲ್ಲ, ಮಾತು ಕೊಟ್ಟ ಮುಕ್ಕಾಲಿಯ ಹಾಗೆ. ಹಮಾಲರು ಕೂಲಿ ಇಸಿದುಕೊಂಡು ಹೋದರು. ಅಲ್ಲಿಂದ ಮುಂದೆ ಆ ಮನೆಯವರು ಮೇಜಿನ ಕಾಲುಗಳ ನಡುವೆ ನುಸುಳಿ ಓಡಾಡಬೇಕಾಯಿತು.

ಎದುರುಮನೆಯ ಹೊಲಿಗೆಯಾಕೆಗೆ ಇದು ಕಂಡಿತು. ಯಂತ್ರ ನಿಲ್ಲಿಸಿ, ಬಾಯಲ್ಲಿದ್ದ ಗುಂಡುಸೂಜಿ ತೆಗೆದು, ಬೀದಿ ದಾಟಿ ಬಂದಳು. ಆ ಅಂಗಡಿಯಿಂದ ಸಾಮಾನು ಬೀದಿಗೆ ಹೋಗುವುದನ್ನು ಆಕೆ ಕಂಡಿದ್ದಳು, ಮನೆಯಿಂದ ಅಂಗಡಿಗೆ ಹೋಗುವುದನ್ನೂ ಕಂಡಿದ್ದಳು. ಅಂಗಡಿಯಿಂದ ಮನೆಯೊಳಕ್ಕೆ ಹೋಗುವುದನ್ನು ಕಂಡದ್ದು ಇದೇ ಮೊದಲು. ಏನು ವಿಶೇಷ ಎಂದಳು. ಯಜಮಾನ ಒಳಗಿರುವ ಮಗನಿಗೆ ಕೇಳಿಸಲಿ ಎಂದು ಗಟ್ಟಿಯಾಗಿಯೇ ಹೇಳಿದ.

"ಮಗನ್ನ ಗಣಿತಕ್ಕೆ ಹಾಕ್ತಿದ್ದೀನಿ ಅಕ್ಕಾ. ಖರ್ಚು ಎಷ್ಟಾದ್ರೂ ಆಗ್ಲಿ."

ಹೊಲಿಗೆಯಾಕೆ ಅಲ್ಲಿಂದ ನೇರ ಹೋದದ್ದು ಔಷಧಿ ಅಂಗಡಿಗೆ. ಅಂಗಡಿಯವನು ಮಾತ್ರೆ ಕತ್ತರಿಸಿ ಕೊಡುವುದು ಬಿಟ್ಟರೆ ಬೇರೆ ವೈದ್ಯವೇನೂ ಅರಿಯ, ಆದರೂ ಬೀದಿಗೆಲ್ಲ ಅವನು ಡಾಕ್ಟರು. ಖರ್ಚು ಎಷ್ಟಾದರೂ ಆಗಲಿ ಎಂಬ ಮಾತು ಹಳೇ ಸಾಮಾನಿನವನ ಬಾಯಿಂದ ಬಂತು ಎಂದರೆ ಡಾಕ್ಟರು ಮೊದಲು ಜ್ವರವೇ ಎಂದು ಕೇಳಿದ. ಜ್ವರವಲ್ಲ ಎಂದಮೇಲೆ ಇಬ್ಬರೂ ಯೋಚನೆಗೆ ಕೂತರು. ಬುದ್ಧಿಯಿಲ್ಲದವರು ಯೋಚನೆಗೆ ಕೂತರೆ ಏನಾಗುತ್ತದೋ ಅದೇ ಆಯಿತು. ಸ್ವಲ್ಪ ಹೊತ್ತಿಗೆ ಡಾಕ್ಟರು ಯಜಮಾನನ ಅಂಗಡಿಗೆ ಬಂದು, ಒಂದು ಕುರ್ಚಿಯ ಬೆನ್ನು ಸವರುತ್ತ, ತಗ್ಗಿದ ದನಿಯಲ್ಲಿ ಕೇಳಿದ.

"ಗಣಿತಕ್ಕೆ ಮುಂದೆ ಏನೋ ಬರ್ತಿದೆಯಂತಲ್ಲ ಯಜಮಾನ್ರೇ?"

ಯಜಮಾನನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ತಿಳಿಯದು ಎಂದು ಗಿರಾಕಿಯ ಮುಂದೆ ಹೇಳಿದ ವ್ಯಾಪಾರಿ ಯಾರು? ಕಣ್ಣು ಅರ್ಧ ಮುಚ್ಚಿ, "ಬರೋದು ಬಂದೇ ಬರುತ್ತೆ ಡಾಕ್ಟ್ರೇ," ಎಂದ. ಮುರಿದ ಮಂಚಕ್ಕೆ ಎಷ್ಟು ವರ್ಷ ಬಾಳಿಕೆ ಎಂದು ಕೇಳಿದವರಿಗೂ ಇದೇ ಉತ್ತರ ಹೇಳುತ್ತಿದ್ದ. ಡಾಕ್ಟರು ಎಲ್ಲ ಅರ್ಥವಾದವನಂತೆ ತಲೆಯಾಡಿಸಿ ಹೋದ. ಅವನ ಅಪ್ಪ ಸತ್ತ ದಿನವೂ ತೆರೆದಿಟ್ಟಿದ್ದ ಔಷಧಿ ಅಂಗಡಿಗೆ ಅಂದು ನಡುಮಧ್ಯಾಹ್ನ ಬೀಗ ಬಿತ್ತು.

ಇತ್ತ ಮುಕ್ಕಾಲಿ ಹೊಸ ಪಟ್ಟು ಹಾಕಿದ. ಅಮ್ಮನ ಹತ್ತಿರ ಹೋಗಿ, ಗಣಿತ ಓದಿದವರೆಲ್ಲ ಮಾವನ ಹಾಗೇ ಆಗುತ್ತಾರಂತೆ ಎಂದು ಅಳುಮುಖ ಮಾಡಿದ. ಅವಳು ಹೆದರಿ ಗಂಡನ ಮನಸ್ಸು ತಿರುಗಿಸುತ್ತಾಳೆ ಎಂಬುದು ಅವನ ಲೆಕ್ಕ. ತವರಿನವರನ್ನು ಅಂದರೆ ಯಾವ ಹೆಣ್ಣು ಸುಮ್ಮನಿರುತ್ತಾಳೆ? ಅಣ್ಣನ ಹಾಗೆ ಆದರೆ ಪುಣ್ಯ ಮಾಡಿರಬೇಕು ಎಂದು ಗದರಿ, ಅಣ್ಣನಿಗೇ ಹೇಳಿಕಳಿಸಿದಳು.

ಮಾವ ಓಡೋಡಿ ಬಂದ. ಮೇಜಿನಡಿ ನುಸುಳಿ ಬಂದವನು ಮುಕ್ಕಾಲಿಯ ಎರಡೂ ಭುಜ ಹಿಡಿದು, ಅಂತೂ ಈ ವಂಶದಲ್ಲೊಬ್ಬ ಮನುಷ್ಯ ಹುಟ್ಟಿದ ಎಂದು ಕಣ್ಣೊರೆಸಿಕೊಂಡ. ಇಷ್ಟು ವರ್ಷ ಯಾರೂ ಕೇಳದೆ ಒಳಗೇ ಕೊಳೆಯುತ್ತಿದ್ದ ವಿದ್ಯೆ ಕಟ್ಟೆ ಒಡೆದು ಹರಿಯಿತು. ಸೀಮೆಸುಣ್ಣ ತೆಗೆದು ಆ ಮೇಜಿನ ಮೇಲೇ ಒಂದು ಚುಕ್ಕೆ ಇಟ್ಟ.

"ನೋಡು, ಇದು ಬಿಂದು. ಇದಕ್ಕೆ ಉದ್ದ ಇಲ್ಲ, ಅಗಲ ಇಲ್ಲ."

"ಮತ್ತೆ ಕಾಣ್ತಿದೆಯಲ್ಲ ಮಾವ?"

"ಕಾಣ್ತಿರೋದು ನನ್ನ ತಪ್ಪು."

ಬಿಂದುವಿನಿಂದ ಗೆರೆಗೆ ಬರುವಷ್ಟರಲ್ಲಿ ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬಂದಿತ್ತು. ಸಮಾಂತರವಾದ ಎರಡು ಗೆರೆಗಳು ಎಷ್ಟು ದೂರ ಹೋದರೂ ಒಂದನ್ನೊಂದು ಸೇರುವುದಿಲ್ಲ ಎಂದು ಮಾವ ಗದ್ಗದಿತನಾಗಿ ವಿವರಿಸುತ್ತಿದ್ದಾಗ ಮುಕ್ಕಾಲಿಯ ತಲೆ ಮೇಜಿಗೆ ಬಡಿಯಿತು. ಹುಡುಗ ತಲ್ಲೀನನಾಗಿದ್ದಾನೆ ಎಂದು ಮಾವ ಹೊರಗೆ ಬಂದು ಎಲ್ಲರಿಗೂ ಸಾರಿದ.

ಬಿಸಿಲು ಬಾಡಿದ ಮೇಲೆ ಅಪ್ಪ ಮಗ ಕಾಲೇಜಿಗೆ ಹೊರಟರು. ದಾರಿಯುದ್ದಕ್ಕೂ ಮಾತಿಲ್ಲ. ಮೂಲೆ ತಿರುಗುವಾಗಲೆಲ್ಲ ಇವನು ಬಾಯಿ ಬಿಡುತ್ತಾನೆ ಎಂದು ಅವನು, ಅವನು ಬಿಡುತ್ತಾನೆ ಎಂದು ಇವನು. ಬೇಕೆಂದೇ ಯಜಮಾನ ಚಪ್ಪಲಿ ಸರಿಮಾಡಿಕೊಳ್ಳಲು ನಿಲ್ಲುತ್ತಿದ್ದ. ಮುಕ್ಕಾಲಿಯೂ ನಿಂತು ಗೋಡೆ ನೋಡುತ್ತಿದ್ದ. ಇಬ್ಬರು ಹಟಮಾರಿಗಳು ಹಾಗೆ ನಿಂತು ನಿಂತು ಹೋದದ್ದರಿಂದ ಕಾಲೇಜು ಸೇರುವ ಹೊತ್ತಿಗೆ ಗುಮಾಸ್ತ ಕಿಟಕಿ ಎಳೆಯಲು ಕೈಯಿಟ್ಟಿದ್ದ.

ಅಲ್ಲಿ ಮುಕ್ಕಾಲಿಯ ಧೈರ್ಯ ಉಡುಗಿತು. ಅಪ್ಪನ ತೋಳು ಹಿಡಿದ.

"ಅಪ್ಪಾ, ನಂಗೆ ಗಣಿತ ಬೇಡ. ಆ ಬಿಂದು ನೋಡಿದ್ರೆ ಎದೆ ಹೊಡ್ಕೊಳ್ಳುತ್ತೆ. ನಂಗೆ ಬೇಕಾಗಿದ್ದಿದ್ದು ಭೂಗೋಳ."

ಯಜಮಾನನ ಮುಖ ಬಿರುಕುಬಿಟ್ಟ ಕನ್ನಡಿಯನ್ನು ಹೊಸದೆಂದು ಮಾರಿದಷ್ಟು ಅರಳಿತು.

"ಇಷ್ಟೇ ತಾನೆ? ಬೆಳಿಗ್ಗೇನೇ ಹೇಳಿದ್ರೆ ನಾನು ಬೇಡ ಅಂತಿದ್ನಾ?"

"ಅಂತಿದ್ರಿ."

ಯಜಮಾನ ಸ್ವಲ್ಪ ಯೋಚಿಸಿದ. "ಅಂತಿದ್ದೆ. ಆದ್ರೆ ಆಮೇಲೆ ಒಪ್ತಿದ್ದೆ."

ಗೆದ್ದವನ ಗತ್ತಿನಲ್ಲಿ ಕಿಟಕಿಗೆ ಬಗ್ಗಿ, ನಮ್ಮ ಹುಡುಗನಿಗೆ ಭೂಗೋಳ ಬರೆದುಕೊಳ್ಳಿ ಎಂದ. ಗುಮಾಸ್ತ ತಲೆ ಎತ್ತದೆ, ಭೂಗೋಳ ಇಲ್ಲ ಎಂದ. ತುಂಬಿಹೋಯಿತೇ ಎಂದು ಕೇಳಿದರೆ, ಖಾಲಿಯಾಯಿತು ಎಂದ. ಬೆಳಿಗ್ಗೆ ಇತ್ತಂತೆ. ಮಧ್ಯಾಹ್ನದಿಂದ ಭೂಗೋಳಕ್ಕೆ ಸೇರಿದ್ದವರೆಲ್ಲ ಅಪ್ಪ ಅಮ್ಮಂದಿರ ಜೊತೆ ಒಬ್ಬೊಬ್ಬರೇ ಬಂದು ಗಣಿತಕ್ಕೆ ಬದಲಾಯಿಸಿಕೊಂಡು ಹೋದರಂತೆ. ಔಷಧಿ ಅಂಗಡಿಯವನ ಮಗಳು ಮೊದಲು, ಹೊಲಿಗೆಯಾಕೆಯ ಮಗ ಅವಳ ಬೆನ್ನಿಗೆ, ಆಮೇಲೆ ಕುರಿಮಂದೆ.

"ಯಾರೋ ಹಳೇ ಸಾಮಾನಿನವರು ಅವರ ಮಗನ್ನ ಗಣಿತಕ್ಕೆ ಹಾಕ್ತಿದ್ದಾರಂತೆ. ಆಸಾಮಿ ಲಾಭ ಇಲ್ಲದ ಕಡೆ ಕಾಲೂ ಇಡಲ್ವಂತೆ. ಅಷ್ಟು ಕೇಳಿ ಎಲ್ಲರೂ ಬಿದ್ದಂಬೀಳ ಓಡಿಬಂದ್ರು," ಎಂದು ಗುಮಾಸ್ತ ಹಣೆ ಒತ್ತಿಕೊಂಡ. "ಒಬ್ಬ ಹುಡುಗನೂ ಇಲ್ಲದ ವಿಷಯ ಹೇಗೆ ನಡ್ಸೋದು? ಪ್ರಿನ್ಸಿಪಾಲರು ಆಗ್ಲೇ ಮುಚ್ಚಿಸಿದ್ರು. ಯಾರ್ರೀ ಆ ಮನುಷ್ಯ, ನಿಮಗೆ ಗೊತ್ತಾ?"

"ಗೊತ್ತಿಲ್ಲ," ಎಂದ ಯಜಮಾನ.

ಆಮೇಲೆ ತನಗೆ ತಿಳಿದ ವಿದ್ಯೆಯನ್ನೆಲ್ಲ ಹೊರತೆಗೆದ. ಒಬ್ಬನಿಗಾಗಿ ಭೂಗೋಳ ತೆರೆಯಬಾರದೇ ಎಂದ, ಅರ್ಧ ವರ್ಷಕ್ಕಾದರೂ ತೆರೆಯಿರಿ ಎಂದ, ಬೇಡ ಬಿಡಿ ಎಂದು ಎದ್ದು ಹೋದಂತೆ ಮಾಡಿ ಮೆಟ್ಟಿಲಿನಿಂದ ತಿರುಗಿ ಬಂದ. ಕಾಲೇಜಿನ ಗುಮಾಸ್ತ ಗಿರಾಕಿಯಲ್ಲವಲ್ಲ, ಯಾರು ಎದ್ದು ಹೋದರೂ ಅವನಿಗೆ ಸಂತೋಷವೇ. ಉಳಿದ ವಿಷಯಗಳು ಎಂದೋ ತುಂಬಿದ್ದವು. ಗಣಿತದಲ್ಲಿ ಒಂದೇ ಒಂದು ಜಾಗ ಇದೆ, ಬೇಕಾದರೆ ಹೇಳಿ, ಇಲ್ಲವಾದರೆ ಕೈ ತೆಗೆಯಿರಿ ಎಂದ.

ಮುಕ್ಕಾಲಿ ಅಪ್ಪನ ಮುಖ ನೋಡಿದ. ಅಪ್ಪ ಛಾವಣಿ ನೋಡಿದ.

"ಬರ್ಕೊಳ್ಳಿ," ಎಂದ ಮುಕ್ಕಾಲಿ. ಕಿಟಕಿ ಧಡಾರನೆ ಬಿತ್ತು.

ಹೊರಗೆ ಬರುವಾಗ ಪಡಸಾಲೆಯಲ್ಲಿ ಒಬ್ಬ ಬಡಕಲು ಮೇಷ್ಟ್ರು ಸುತ್ತಿದ ಭೂಪಟಗಳನ್ನು ತೋಳತುಂಬ ತಬ್ಬಿಕೊಂಡು ಉಗ್ರಾಣದ ಬೀಗ ತೆಗೆಯಲು ಹೆಣಗುತ್ತಿದ್ದರು. ಮುಕ್ಕಾಲಿ ಕೇಳದೆಯೇ ಹೋಗಿ ಅರ್ಧ ಹೊರೆ ಇಳಿಸಿಕೊಂಡ. ಒಂದು ಭೂಪಟದ ಅಂಚು ಬಿಚ್ಚಿ ಸಮುದ್ರದ ನೀಲಿ ಇಣುಕಿತು. ಅವನು ಅದನ್ನು ಮಗುವಿನ ಕೆನ್ನೆ ಮುಟ್ಟಿದಂತೆ ಮುಟ್ಟಿ, ಮೆಲ್ಲಗೆ ಸುತ್ತಿಟ್ಟ. ಮೇಷ್ಟ್ರ ಮನಸ್ಸು ಕರಗಿತು. ಭೂಗೋಳ ಮುಚ್ಚಿದ ಮೇಲೆ ತಮ್ಮನ್ನೂ ಗಣಿತದ ಗುಂಪಿಗೆ ಪಾಠ ಹೇಳಲು ಹಾಕಿದ್ದಾರೆ, ಗಣಿತ ಎಂದರೆ ತಮಗೆ ಬಾಲ್ಯದಿಂದಲೂ ಎದೆನಡುಕ ಎಂದು ತೋಡಿಕೊಂಡರು. ಕೊನೆಗೆ, ನೀನು ಯಾವ ವಿಷಯಕ್ಕೆ ಸೇರಿದೆಯಪ್ಪಾ ಎಂದು ಅಕ್ಕರೆಯಿಂದ ಕೇಳಿದರು.

"ಗಣಿತ ಸಾರ್," ಎಂದ ಮುಕ್ಕಾಲಿ.

ಮೇಷ್ಟ್ರು ಅವನ ಕೈಯಲ್ಲಿದ್ದ ಭೂಪಟಗಳನ್ನು ಒಂದೊಂದಾಗಿ ಕಿತ್ತುಕೊಂಡರು. ಉಗ್ರಾಣದೊಳಗೆ ಎಸೆದು ಬೀಗ ಹಾಕಿದರು.

"ನಿಮ್ಮಂಥ ಗಣಿತದ ಹುಚ್ಚರಿಂದಲೇ ಕಣೋ ಭೂಗೋಳ ಹಾಳಾಗಿದ್ದು," ಎಂದರು.