ತಾಲ್ಲೂಕು ಕಚೇರಿಗೆ ಬಂದ ರಾಜಕೀಯ ಸುಧಾರಣೆ

ಮೈಸೂರಿನಲ್ಲಿ ದೊಡ್ಡವರು ಕೂತು ಸಂಸ್ಥಾನದ ಆಡಳಿತ ಹೇಗಿರಬೇಕು ಅಂತ ಯೋಚನೆ ಮಾಡಿದಾಗಲೆಲ್ಲ ಅದರ ಕಾಗದ ಬಂದು ಬೀಳುತ್ತಿದ್ದುದು ನನ್ನ ಮೇಜಿನ ಮೇಲೆ. ಹಾಸನ ಜಿಲ್ಲೆಯಲ್ಲಿ ನಾನು ಅಮಲ್ದಾರರ ಕೈಕೆಳಗಿನ ಗುಮಾಸ್ತ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅಂತ ಎಲ್ಲಿಗೆ ವರ್ಗವಾದರೂ ಸುಧಾರಣೆ ನನ್ನ ಬೆನ್ನಿಗೇ ಬರುತ್ತಿತ್ತು. ನಗಬಾರದೆಂದು ಯಾವ ಹುಕುಮಿನಲ್ಲೂ ಬರೆದಿರಲಿಲ್ಲ. ಆದರೂ ಬಾಯಿಗೆ ವಸ್ತ್ರ ಅಡ್ಡ ಹಿಡಿದೇ ನಗುತ್ತಿದ್ದೆ.

ಎರಡು ಮನೆ

ಸಂಸ್ಥಾನದ ರಾಜ್ಯಾಂಗ ಹೇಗೆ ಬದಲಾಗಬೇಕು ಎಂದು ವಿಚಾರಿಸಲು ಸರ್ಕಾರ ಒಂದು ಕಮಿಟಿ ನೇಮಿಸಿತು. ಕಮಿಟಿಯವರು ಒಂದು ಪ್ರಶ್ನೆಪಟ್ಟಿ ಕಳಿಸಿ, ಊರ ಮುಖಂಡರನ್ನು ಕೇಳಿ ಬರೆದುಕೊಳ್ಳಿ ಅಂದರು. ಅರಕಲಗೂಡಿನ ಹತ್ತಿರದ ಹಳ್ಳಿಯೊಂದರ ಪಟೇಲರನ್ನು ಕರೆಸಿದೆವು. ಹೊಗೆಸೊಪ್ಪು ಬೆಳೆಯುವ ಅನುಕೂಲಸ್ಥರು. ಊರ ಮೇಲಿನ ಬೀದಿಯಲ್ಲಿ ಒಬ್ಬರು ಹೆಂಡತಿ, ಕೆಳಗಿನ ಬೀದಿಯಲ್ಲಿ ಇನ್ನೊಬ್ಬರು.

ಕಾನೂನು ಮಾಡುವುದಕ್ಕೆ ಒಂದೇ ಮನೆ ಸಾಕೋ, ಮೇಲ್ಮನೆ ಕೆಳಮನೆ ಅಂತ ಎರಡು ಬೇಕೋ ಎಂದು ಓದಿ ಹೇಳಿದೆ. ಪಟೇಲರು ಎರಡೂ ಕೈ ಅಡ್ಡ ಆಡಿಸಿದರು.

"ಎಲ್ಡು ಬ್ಯಾಡ ಸಾ. ಮೇಲ್ಮನೇಲಿ ಊಂ ಅಂದಿದ್ದನ್ನ ಕೆಳಮನೇಲಿ ಊಹೂಂ ಅಂತಾರೆ. ಮಧ್ಯದಲ್ಲಿ ಓಡಾಡೋನ ಕಾಲು ಸವೀತದೆ."

ಅಮಲ್ದಾರರು ಮುಖದ ಒಂದು ಗೆರೆಯೂ ಅಲ್ಲಾಡದಂತೆ ನನಗೆ ಬರೆಸಿದರು: "ಸದರಿಯವರು ಸ್ವಾನುಭವದ ಆಧಾರದ ಮೇಲೆ ಎರಡು ಮನೆಗಳ ಪದ್ಧತಿಯನ್ನು ವಿರೋಧಿಸುತ್ತಾರೆ."

ತೂಬು

ಬಾಗೂರಿನ ಕಡೆಯವರೊಬ್ಬರು ಪ್ರಜಾಪ್ರತಿನಿಧಿ ಸಭೆಯ ಮೆಂಬರಾಗಿದ್ದರು. ದಸರಾ ಅಧಿವೇಶನಕ್ಕೆ ಜರಿಪೇಟ, ಉದ್ದ ಕೋಟು ತೊಟ್ಟು ಮೈಸೂರಿಗೆ ಹೋಗುತ್ತಿದ್ದರು. ಅವರ ಊರ ಕೆರೆಯ ತೂಬು ಒಡೆದು ನೀರೆಲ್ಲ ಹಳ್ಳದ ಪಾಲಾಗುತ್ತಿತ್ತು. ಸಭೆಯಲ್ಲಿ ಅದನ್ನೇ ಕೇಳಿದರು. ಸರ್ಕಾರದ ಉತ್ತರ: "ಪರಿಶೀಲಿಸಲಾಗುವುದು." ಮರುವರ್ಷ ಮತ್ತೆ ಕೇಳಿ ಬಂದರು. ಕೆರೆ ಏರಿಯ ಮೇಲೆ ಕಾಯುತ್ತಿದ್ದ ರೈತರು ಏನಾಯಿತೆಂದು ವಿಚಾರಿಸಿದರು.

ಮೆಂಬರು ಪೇಟ ಸರಿಮಾಡಿಕೊಂಡು ಹೇಳಿದರಂತೆ: "ಓದ ವರ್ಸ 'ಪರಿಶೀಲಿಸಲಾಗುವುದು' ಅಂದಿದ್ರು. ಈ ವರ್ಸ 'ಪರಿಶೀಲನೆಯಲ್ಲಿದೆ' ಅಂದವ್ರೆ. ಒಂದೇ ವರ್ಸದಲ್ಲಿ 'ಆಗುವುದು' ಓಗಿ 'ಇದೆ' ಆಯ್ತು ಕಣ್ರಪ್ಪಾ."

ರೈತರು ಅವರಿಗೆ ಹಾರ ಹಾಕಿ, ತೂಬಿಗೆ ಮಣ್ಣಿನ ಮೂಟೆ ಜಡಿದು ಮನೆಗೆ ಹೋದರು.

ಜವಾಬ್ದಾರಿ

ಮುಂದೆ ಜವಾಬ್ದಾರಿ ಸರ್ಕಾರ ಬೇಕೆಂಬ ಚಳವಳಿ ಬಂತು. ಹೊಳೆನರಸೀಪುರದ ಬೀದಿಗಳಲ್ಲೂ ಮೆರವಣಿಗೆ ನಡೆಯಿತು, ಎಷ್ಟೋ ಜನ ಜೈಲಿಗೆ ಹೋದರು. ಕೊನೆಗೆ ಅರಮನೆ ಒಪ್ಪಿತು, ಜನರ ಮಂತ್ರಿಗಳು ಬಂದರು. ಆಗ ನನ್ನ ಮೇಲಿದ್ದ ಅಮಲ್ದಾರರಿಗೆ ಈ ಚಳವಳಿಯ ಹೆಸರೆತ್ತಿದರೆ ಮೈ ಉರಿಯುತ್ತಿತ್ತು. ಆ ದಿನ ಮಾತ್ರ ನಗುನಗುತ್ತ ಬಂದರು. ಯಾಕೆ ಸ್ವಾಮಿ ಅಂದೆ.

"ಇನ್ನು ಜವಾಬ್ದಾರಿ ಎಲ್ಲ ಸರ್ಕಾರದ್ದೇ ಅಂತಲ್ಲಯ್ಯ. ನಮ್ಮದು ಬರೀ ರುಜು."

ಹೆಸರು

ಇದು ಅದಕ್ಕೂ ಎಷ್ಟೋ ವರ್ಷ ಹಿಂದಿನ ಮಾತು. ಹೊಳೆನರಸೀಪುರದ ಕಡೆ ಒಂದು ಚುನಾವಣೆ. ಆಗ ಓಟು ಎಲ್ಲರಿಗೂ ಇರಲಿಲ್ಲ, ಇಷ್ಟು ಕಂದಾಯ ಕಟ್ಟುವ ಜಮೀನಿದ್ದವರಿಗೆ ಮಾತ್ರ. ನಮ್ಮ ಪಟ್ಟಿಯಲ್ಲಿ ಒಬ್ಬರೇ ಒಬ್ಬರು ಹೆಂಗಸು, ತವರಿಂದ ಬಂದ ಗದ್ದೆ ಅವರ ಹೆಸರಿಗಿತ್ತು. ಅವರ ಯಜಮಾನರೇ ಚುನಾವಣೆಗೆ ನಿಂತಿದ್ದರು. ಎದುರಿಗೆ ಒಬ್ಬ ಮಂಡಿ ವ್ಯಾಪಾರಿ. ಹೆಂಗಸರೂ ಬಂದು ಓಟು ಹಾಕಬೇಕು ಅಂತ ಈ ಯಜಮಾನರು ಊರೂರಲ್ಲಿ ಭಾಷಣ ಮಾಡಿದ್ದರು. ಅದಕ್ಕೇ ಹೆಂಡತಿಯನ್ನು ಕಮಾನು ಗಾಡಿಯಲ್ಲಿ ಮೆರೆಸಿಕೊಂಡು ಕರೆತಂದರು.

ಓದು ಬಾರದವರು ತಮಗೆ ಬೇಕಾದವರ ಹೆಸರನ್ನು ಅಧಿಕಾರಿಯ ಹತ್ತಿರ ಮೆಲ್ಲಗೆ ಹೇಳಬೇಕು, ಅವರು ಗುರುತು ಹಾಕುತ್ತಾರೆ. ಇದು ನಿಯಮ. ಆಕೆ ತಲೆ ತಗ್ಗಿಸಿ ನಿಂತರು. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯಸ್ಸು ಸವೆಯುತ್ತದೆಂದು ಹೆಂಗಸರು ನಂಬಿದ್ದ ಕಾಲ ಅದು. "ನಮ್ಮನೇವ್ರು" ಅಂದರು. ಅಧಿಕಾರಿ, ಆ ಹೆಸರಿನವರು ಯಾರೂ ನಿಂತಿಲ್ಲ, ಹೆಸರೇ ಹೇಳಬೇಕು ಅಂದರು. ಆಕೆ ಸೆರಗಿನ ಮರೆಯಲ್ಲಿ ಬಾಗಿಲ ಕಡೆ ಕೈ ತೋರಿಸಿದರು. ಕೈ ತೋರಿಸುವುದು ನಿಯಮದಲ್ಲಿ ಇಲ್ಲ ಅಂದರು. ಪಕ್ಕದಲ್ಲಿ ಪಟ್ಟಿ ಹಿಡಿದು ಕೂತಿದ್ದ ನಾನು ಬಾಯಿ ಹಾಕಲು ಹೋಗಿ ಗದರಿಸಿಕೊಂಡೆ. ಹಿಂದೆ ಸಾಲು ಬೆಳೆಯಿತು. ಆಕೆ ಕಣ್ಣು ಮುಚ್ಚಿ, ಏನೋ ನಿಶ್ಚಯ ಮಾಡಿ, ಒಂದು ಹೆಸರು ಹೇಳಿ ಹೊರಟರು.

ಜಗಲಿಯಲ್ಲಿ ಯಜಮಾನರು ಹಿಂಬಾಲಕರ ನಡುವೆ ನಿಂತಿದ್ದರು. ಎಲ್ಲರಿಗೂ ಕೇಳಲಿ ಎಂದೇ, ಯಾರಿಗೆ ಹಾಕಿದೆ ಹೇಳು ಅಂದರು.

"ನಿಮ್ಮೆಸ್ರು ಯೋಳಿ ನಿಮ್ಮ ಆಯಸ್ಸು ಕಮ್ಮಿ ಮಾಡ್ಲಾ? ಆ ಮಂಡಿಯವ್ರ ಎಸ್ರೇ ಯೋಳ್ಬುಟ್ಟು ಬಂದೆ. ಸವೆಯೋದಿದ್ರೆ ಅವ್ರುದೇ ಸವೀಲಿ."